ರಜೆಗೆ ಕಾಯುವ ಹಲ್ಲು

ರಜೆ ಮಂಜೂರಾಯ್ತು ಅಂದ ಕೂಡಲೇ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಪಟ್ಟಿ ಬರೆಯುತ್ತೇವೆ. ತಂಗಿಯ ಮಗುವಿಗೆ ಬಟ್ಟೆ, ಅಪ್ಪನಿಗೆ ನೋವಿನ ಮುಲಾಮು ಮತ್ತು ಟಾರ್ಚು, ಮನೆಗೆ ಹಾಲಿನ ಪುಡಿ, ಅಕ್ಕಪಕ್ಕದವರಿಗೆ ಖರ್ಜೂರ. ಹಾಳೆಯ ಹಿಂಬದಿಯಲ್ಲಿ ಊರಲ್ಲಿ ಮುಗಿಸಬೇಕಾದ ಕೆಲಸಗಳು ಇರುತ್ತವೆ. ಬ್ಯಾಂಕಿನಲ್ಲಿ ಸಹಿ, ಜಾಗದ ಆರ್‌ಟಿಸಿ, ದೇವಸ್ಥಾನದ ಹರಕೆ, ಸೋರುವ ಮಾಡಿನ ಹಂಚು. ಆ ಕಡೆಯ ಕೊನೆಯ ಸಾಲಿನಲ್ಲಿ ಒಂದು ಶಬ್ದ ಹೆಚ್ಚಾಗಿ ಇದ್ದೇ ಇರುತ್ತದೆ: 'ಹಲ್ಲು'.

ನನ್ನ ಪಟ್ಟಿಯಲ್ಲೂ ಇತ್ತು. ಎಡಗಡೆ ಕೆಳಗಿನ ದವಡೆ ಹಲ್ಲು. ಮೊದಲು ತಣ್ಣೀರು ಕುಡಿದರೆ ಜುಂ ಅನ್ನುತ್ತಿತ್ತು. ಆಮೇಲೆ ಚಹಾಕ್ಕೂ ಶುರುವಾಯಿತು. ಆಮೇಲೆ ರಾತ್ರಿ ಸುಮ್ಮನೆ ಮಲಗಿದ್ದರೂ ನೋವು. ಇಲ್ಲಿ ಶಾರ್ಜಾದಲ್ಲಿ ಒಂದು ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇ ತೆಗೆದ ಡಾಕ್ಟರಮ್ಮ, "ಆರು ತಿಂಗಳ ಹಿಂದೆ ಬಂದಿದ್ದರೆ ಸಿಮೆಂಟ್ ತುಂಬಿ ಕಳಿಸುತ್ತಿದ್ದೆ. ಈಗ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು" ಅಂದರು. ಒಟ್ಟು 2,200 ದಿರ್ಹಮ್. ಆಗ ನನ್ನ ಸಂಬಳ 1,900. ಕೌಂಟರಿನಲ್ಲಿ ಇನ್ಶೂರೆನ್ಸ್ ಕಾರ್ಡು ಕೊಟ್ಟೆ. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, "ಭಾಯಿ, ಇದರಲ್ಲಿ ಡೆಂಟಲ್ ಇಲ್ಲ" ಅಂದ.

"ಹಲ್ಲು ಮೈಯ ಭಾಗ ಅಲ್ವೇನಪ್ಪಾ?" ಅಂತ ಕೇಳಿದೆ. ಅವನೂ ನಕ್ಕ, ನಾನೂ ನಕ್ಕೆ. ರಜೆಗೆ ಇನ್ನೂ ಏಳು ತಿಂಗಳಿತ್ತು. ಲವಂಗದೆಣ್ಣೆ ಮತ್ತು ಮಾತ್ರೆಯ ಮೇಲೆ ದಿನ ದೂಡಿದೆ.

ಅವತ್ತು ತಮಾಷೆಗೆ ಕೇಳಿದ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಬೆರಳು ಮುರಿದರೆ ಕೊಡುತ್ತಾರೆ, ಹೊಟ್ಟೆ ನೋವಿಗೆ ಕೊಡುತ್ತಾರೆ, ಹಲ್ಲಿಗೆ ಮಾತ್ರ ಯಾಕಿಲ್ಲ? ನಾವು ಯಾಕೆ ಹಲ್ಲುನೋವನ್ನು ವಿಮಾನ ಹತ್ತಿಸಿ ಊರಿಗೆ ಕರೆದುಕೊಂಡು ಹೋಗುತ್ತೇವೆ? ಓದುತ್ತಾ ಹೋದಾಗ ಗೊತ್ತಾಯಿತು, ಈ ಪ್ರಯಾಣ ಮಾಡುತ್ತಿರುವವರು ಗಲ್ಫಿನ ನಾವು ಮಾತ್ರ ಅಲ್ಲ. ನಮಗಿಂತ ಎಷ್ಟೋ ಶ್ರೀಮಂತ ದೇಶದವರೂ ಗಡಿ ದಾಟಿ ಹಲ್ಲು ಕಟ್ಟಿಸಿಕೊಂಡು ಬರುತ್ತಾರೆ. ಅದಕ್ಕೆ ಒಂದು ಚರಿತ್ರೆಯೇ ಇದೆ.

ವೈದ್ಯನೇ ಊರೂರು ತಿರುಗುತ್ತಿದ್ದ ಕಾಲ

ಹಿಂದೆ ರೋಗಿ ಹಲ್ಲಿಗೋಸ್ಕರ ದೂರ ಪ್ರಯಾಣ ಮಾಡುತ್ತಿರಲಿಲ್ಲ. ಹಲ್ಲು ಕೀಳುವವನೇ ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಬರುತ್ತಿದ್ದ. ಯುರೋಪಿನಲ್ಲಿ ಕ್ಷೌರಿಕರೇ ಗಾಯ ಕಟ್ಟುವುದು, ರಕ್ತ ತೆಗೆಯುವುದು, ಹಲ್ಲು ಕೀಳುವುದು ಎಲ್ಲ ಮಾಡುತ್ತಿದ್ದರು. 18ನೇ ಶತಮಾನದ ಪ್ಯಾರಿಸ್‌ನಲ್ಲಿ, ಪೋಂ ನಫ್ ಎಂಬ ಸೇತುವೆಯ ಮೇಲೆ, 'ದೊಡ್ಡ ಥಾಮಸ್' ಎಂದು ಹೆಸರಾದ ಒಬ್ಬ ಆಳು ಬಹಿರಂಗವಾಗಿ ಹಲ್ಲು ಕೀಳುತ್ತಿದ್ದ. ನೋಡುವುದಕ್ಕೆ ಜನ ಸೇರುತ್ತಿದ್ದರು. ನಮ್ಮ ಊರಿನ ಸಂತೆಗಳಲ್ಲೂ ಚಾಪೆ ಹಾಸಿ, ಕಿತ್ತ ಹಲ್ಲುಗಳ ರಾಶಿ ಇಟ್ಟುಕೊಂಡು ಕೂರುವವರನ್ನು ಹಿರಿಯರು ನೋಡಿದ್ದಾರೆ.

ಅದೇ ಪ್ಯಾರಿಸ್‌ನಲ್ಲಿ 1728ರಲ್ಲಿ ಪಿಯರ್ ಫೋಶಾರ್ ಎಂಬ ವೈದ್ಯ ಹಲ್ಲಿನ ಚಿಕಿತ್ಸೆಯ ಮೇಲೆ ಎರಡು ಸಂಪುಟಗಳ ದೊಡ್ಡ ಗ್ರಂಥ ಪ್ರಕಟಿಸಿದರು. ಹಲ್ಲು ಕೀಳುವುದೊಂದೇ ಕೆಲಸ ಅಲ್ಲ, ಅದನ್ನು ಉಳಿಸುವುದೂ ಒಂದು ವಿದ್ಯೆ ಅಂತ ಕ್ರಮವಾಗಿ ಬರೆದು ತೋರಿಸಿದರು. ಆಧುನಿಕ ದಂತವೈದ್ಯದ ತಂದೆ ಅಂತ ಅವರನ್ನು ಕರೆಯುವುದು ಇದಕ್ಕೇ.

ನನ್ನ ಪ್ರಶ್ನೆಗೆ ಹತ್ತಿರವಾದ ಘಟನೆ ನಡೆದದ್ದು 1840ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಹೊರೇಸ್ ಹೇಡನ್ ಮತ್ತು ಚೇಪಿನ್ ಹ್ಯಾರಿಸ್ ಎಂಬಿಬ್ಬರು ಸೇರಿ ಪ್ರಪಂಚದ ಮೊದಲ ದಂತವೈದ್ಯ ಕಾಲೇಜು ಶುರು ಮಾಡಿದರು. ಅದು ವೈದ್ಯಕೀಯ ಕಾಲೇಜಿನ ಒಂದು ವಿಭಾಗವಾಗಿರಲಿಲ್ಲ. ಬೇರೆಯೇ ಕಾಲೇಜು, ಬೇರೆಯೇ ಪದವಿ. ಅಲ್ಲಿಂದ ಮುಂದೆ ಹೆಚ್ಚಿನ ದೇಶಗಳಲ್ಲಿ ಇದೇ ದಾರಿಯಾಯಿತು. ಕಣ್ಣಿನ ಡಾಕ್ಟರು, ಹೃದಯದ ಡಾಕ್ಟರು, ಮೂಳೆ ಡಾಕ್ಟರು ಎಲ್ಲರೂ ಮೊದಲು ಒಂದೇ ವೈದ್ಯ ಪದವಿ ಓದಿ ಆಮೇಲೆ ಬೇರೆಯಾಗುತ್ತಾರೆ. ಹಲ್ಲಿನ ಡಾಕ್ಟರು ಮೊದಲ ದಿನದಿಂದಲೇ ಬೇರೆ. ನಮ್ಮಲ್ಲೂ ಎಂಬಿಬಿಎಸ್ ಬೇರೆ, ಬಿಡಿಎಸ್ ಬೇರೆ.

ವಿದ್ಯೆಗೆ ಇದರಿಂದ ಲಾಭವೇ ಆಯಿತು. ಹಲ್ಲಿನ ಕೆಲಸ ಸಂತೆಯ ಚಾಪೆಯಿಂದ ಎದ್ದು ಕಾಲೇಜಿಗೆ ಹೋಯಿತು. ಆದರೆ ನೂರು ವರ್ಷ ಕಳೆದು ಸರಕಾರಗಳು ಜನರ ಆರೋಗ್ಯದ ಖರ್ಚು ತಾವು ಹೊರುತ್ತೇವೆ ಅಂತ ಲೆಕ್ಕ ಹಾಕಲು ಕೂತಾಗ, ಹಲ್ಲು ಆಗಲೇ ಬೇರೆ ಖಾತೆಯಲ್ಲಿತ್ತು. ಹಣ ಸಾಲದಾದಾಗ ಮೊದಲು ಕೈಬಿಡುವುದಕ್ಕೆ ಸುಲಭವಾಯಿತು.

ಕನ್ನಡಕ ಮತ್ತು ಕಟ್ಟಿಸಿದ ಹಲ್ಲು

1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದನ್ನು ಕಟ್ಟಿದ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್, ವೇಲ್ಸ್‌ನ ಕಲ್ಲಿದ್ದಲು ಗಣಿಯಲ್ಲಿ ಹುಡುಗನಾಗಿದ್ದಾಗಲೇ ದುಡಿದವರು. ಅವರ ಯೋಜನೆಯಲ್ಲಿ ಹಲ್ಲೂ ಸೇರಿತ್ತು. ಹಲ್ಲು ತುಂಬುವುದು, ಕೀಳುವುದು, ಕಟ್ಟಿಸುವುದು ಎಲ್ಲ ಪುಕ್ಕಟೆ. ಆಗ ಜನ ಹೇಗೆ ಮುಗಿಬಿದ್ದರು ಅಂದರೆ, ಸರಕಾರ ಅಂದಾಜು ಮಾಡಿದ್ದ ಹಣ ಎಲ್ಲಿಯೂ ಸಾಲಲಿಲ್ಲ. ಬಾಯಲ್ಲಿ ಹಲ್ಲೇ ಇಲ್ಲದೆ, ಇಲ್ಲವೇ ಹುಳುಕು ಹಲ್ಲಿನ ನೋವು ನುಂಗಿಕೊಂಡು ವರ್ಷಾನುಗಟ್ಟಲೆ ಬದುಕಿದ್ದ ಕೂಲಿಕಾರರು, ಗೃಹಿಣಿಯರು ಸರತಿಯಲ್ಲಿ ನಿಂತರು. ಅಷ್ಟು ನೋವು ಅಲ್ಲಿಯತನಕ ಯಾವ ಲೆಕ್ಕದ ಪುಸ್ತಕದಲ್ಲೂ ಕಂಡಿರಲಿಲ್ಲ.

ಮೂರೇ ವರ್ಷಕ್ಕೆ ಪೆಟ್ಟು ಬಿತ್ತು. ಕೊರಿಯಾ ಯುದ್ಧಕ್ಕಾಗಿ ಸೇನೆಯ ಖರ್ಚು ಏರಿತ್ತು. 1951ರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ಹ್ಯೂ ಗೇಟ್ಸ್‌ಕೆಲ್, ಕಟ್ಟಿಸಿದ ಹಲ್ಲಿಗೂ ಕನ್ನಡಕಕ್ಕೂ ಅರ್ಧ ಖರ್ಚನ್ನು ಜನರೇ ಕೊಡಬೇಕು ಅಂದರು. ಬೆವನ್ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಜೊತೆಗೆ ಹೆರಾಲ್ಡ್ ವಿಲ್ಸನ್ ಕೂಡ ಹೊರಬಂದರು. ಇವರೇ ಮುಂದೆ ಪ್ರಧಾನಿಯಾದವರು. ಒಂದು ಸೆಟ್ ಹಲ್ಲಿಗಾಗಿ ಒಂದು ಸರಕಾರವೇ ಅಲುಗಾಡಿತು! 1952ರಲ್ಲಿ ಮುಂದಿನ ಸರಕಾರ ಹಲ್ಲಿನ ಚಿಕಿತ್ಸೆಗೆ ಒಂದು ಪೌಂಡ್ ಶುಲ್ಕ ಹಾಕಿತು. ಆಸ್ಪತ್ರೆಯ ಹಾಸಿಗೆ ಪುಕ್ಕಟೆಯಾಗಿಯೇ ಉಳಿಯಿತು, ಹಲ್ಲಿಗೆ ಮಾತ್ರ ಬೆಲೆ ಬಂತು.

ಬೇರೆ ಕೆಲವು ದೇಶಗಳು ಬ್ರಿಟನ್ನಿನಷ್ಟೂ ಮುಂದೆ ಹೋಗಲಿಲ್ಲ. ಅಮೆರಿಕದಲ್ಲಿ 1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಕಾನೂನು ಬಂತು. ಮಾಮೂಲಿ ಹಲ್ಲಿನ ಚಿಕಿತ್ಸೆ ಸೇರುವುದಿಲ್ಲ ಅಂತ ಆ ಕಾನೂನಿನಲ್ಲೇ ಬರೆದರು. ಕೆನಡಾದ 1966ರ ವೈದ್ಯಕೀಯ ವಿಮೆ ಕಾನೂನು ಕೂಡ ಹಲ್ಲಿನ ಡಾಕ್ಟರನ್ನು ಹೊರಗೇ ನಿಲ್ಲಿಸಿತು. ಅಲ್ಲಿ ಖಾಸಗಿ ವಿಮೆ ಇಲ್ಲದ ಕಡಿಮೆ ಆದಾಯದವರಿಗೆ ದೇಶಮಟ್ಟದ ದಂತ ಯೋಜನೆಯ ಚಿಕಿತ್ಸೆ ಸಿಗತೊಡಗಿದ್ದು 2024ರಲ್ಲಿ. ನಡುವೆ ಐವತ್ತೆಂಟು ವರ್ಷ.

ಅಂದರೆ ಕ್ಲಿನಿಕ್ಕಿನ ಹುಡುಗ "ಇದರಲ್ಲಿ ಡೆಂಟಲ್ ಇಲ್ಲ" ಅಂದದ್ದು ಅವನ ಮಾತಲ್ಲ, ನಮ್ಮ ಕಂಪನಿಯ ಜಿಪುಣತನವೊಂದೇ ಅಲ್ಲ. ಆ ಮಾತನ್ನು ದೊಡ್ಡ ದೊಡ್ಡ ಸರಕಾರಗಳೇ ಮೊದಲು ಆಡಿದ್ದವು.

ಗಡಿಯಂಚಿನ ಊರುಗಳು

ವಿಮೆ ಕೊಡದಿದ್ದರೆ ಜನ ಏನು ಮಾಡುತ್ತಾರೆ? ಎಲ್ಲಿ ಅಗ್ಗವೋ ಅಲ್ಲಿಗೆ ಹೋಗುತ್ತಾರೆ. ಅದಕ್ಕೆ ಹತ್ತಿರದಲ್ಲೊಂದು ಗಡಿ ಇರಬೇಕು, ಗಡಿಯ ಎರಡೂ ಬದಿಯ ಸಂಬಳದಲ್ಲಿ ದೊಡ್ಡ ಅಂತರ ಇರಬೇಕು, ಆಚೆ ಬದಿಯಲ್ಲಿ ಕಲಿತ ಡಾಕ್ಟರುಗಳು ಇರಬೇಕು. ಈ ಮೂರೂ ಸೇರಿದ್ದು ಹಂಗೇರಿಯ ಪಶ್ಚಿಮ ಅಂಚಿನಲ್ಲಿ.

ಹಂಗೇರಿ ಕಮ್ಯುನಿಸ್ಟ್ ದೇಶ, ಪಕ್ಕದ ಆಸ್ಟ್ರಿಯಾ ಶ್ರೀಮಂತ ದೇಶ, ನಡುವೆ ಮುಳ್ಳುತಂತಿ. ಆದರೂ 1979ರ ಜನವರಿ 1ರಿಂದ ಎರಡು ದೇಶಗಳ ನಡುವೆ ವೀಸಾ ತೆಗೆದುಹಾಕಿದರು. ಆಸ್ಟ್ರಿಯಾದವರು ಶನಿವಾರ ಭಾನುವಾರ ಗಡಿಯ ಸೊಪ್ರಾನ್ ಊರಿಗೆ ಬಂದು ಸಾಮಾನು ಕೊಳ್ಳುವುದು, ಹೋಟೆಲಿನಲ್ಲಿ ಊಟ ಮಾಡುವುದು, ತಲೆಕೂದಲು ಕತ್ತರಿಸಿಕೊಳ್ಳುವುದು ಶುರುವಾಯಿತು. ಅದೇ ಓಡಾಟದಲ್ಲಿ ಹಲ್ಲಿನ ಡಾಕ್ಟರ ಹತ್ತಿರವೂ ಹೋಗತೊಡಗಿದರು. 1989ರಲ್ಲಿ ಹಂಗೇರಿ ಮುಳ್ಳುತಂತಿಯನ್ನೇ ಕಿತ್ತಿತು. ಆ ವರ್ಷ ಆಗಸ್ಟ್ 19ರಂದು ಸೊಪ್ರಾನ್ ಹತ್ತಿರದ ಗಡಿಯಲ್ಲಿ ನಡೆದ ಒಂದು ವನಭೋಜನದ ಹೊತ್ತಿಗೆ ಗೇಟು ತೆರೆದು, ನೂರಾರು ಪೂರ್ವ ಜರ್ಮನರು ಪಶ್ಚಿಮಕ್ಕೆ ಓಡಿಹೋದದ್ದು ಚರಿತ್ರೆಯ ಪುಸ್ತಕದಲ್ಲಿದೆ. ಅದೇ ಗಡಿಯಲ್ಲಿ ಎದುರು ದಿಕ್ಕಿಗೆ, ಹುಳುಕು ಹಲ್ಲು ಹೊತ್ತುಕೊಂಡು ಬಂದವರ ಸಾಲು ಆಮೇಲೆ ಇನ್ನೂ ಉದ್ದವಾಯಿತು.

ವಿಯೆನ್ನಾದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಮೊಶೋನ್‌ಮಾಗ್ಯಾರೋವಾರ್ ಎಂಬ ಬಾಯಿ ತಿರುಗದ ಹೆಸರಿನ ಊರಿದೆ. ಮೂವತ್ತು ಸಾವಿರದಷ್ಟು ಜನ ಇರುವ ಅಲ್ಲಿ ನೂರಾರು ದಂತವೈದ್ಯರು ಅಂಗಡಿ ಸಾಲಿನಂತೆ ಕ್ಲಿನಿಕ್ ತೆರೆದರು. ಬೋರ್ಡುಗಳೆಲ್ಲ ಜರ್ಮನ್ ಭಾಷೆಯಲ್ಲಿ. 2004ರಲ್ಲಿ ಹಂಗೇರಿ ಯುರೋಪಿಯನ್ ಒಕ್ಕೂಟ ಸೇರಿತು, ಅಗ್ಗದ ವಿಮಾನಗಳು ಬಂದವು. ಆಮೇಲೆ ಬ್ರಿಟನ್, ಐರ್ಲೆಂಡಿನವರೂ ಬುಡಾಪೆಸ್ಟ್‌ಗೆ ಹಲ್ಲು ಕಟ್ಟಿಸಲು ಬರತೊಡಗಿದರು. ಬೆವನ್ ರಾಜೀನಾಮೆ ಕೊಟ್ಟ ದೇಶದ ಜನ!

ಅಟ್ಲಾಂಟಿಕ್ ಸಾಗರದ ಆಚೆಗೂ ಇದೇ ಕಥೆ. ಅಮೆರಿಕದ ಅರಿಜೋನಾ ರಾಜ್ಯದ ಯೂಮಾ ಊರಿನ ಹತ್ತಿರ, ಗಡಿಯಾಚೆ ಮೆಕ್ಸಿಕೋದಲ್ಲಿ ಲೋಸ್ ಅಲ್ಗೊದೋನೆಸ್ ಎಂಬ ಸಣ್ಣ ಊರು. ಕೆಲವೇ ಸಾವಿರ ಜನ ಇರುವ ಆ ಊರಲ್ಲೂ ನೂರಾರು ದಂತವೈದ್ಯರಿದ್ದಾರೆ. ಊರಿಗೆ 'ದವಡೆ ಹಲ್ಲಿನ ಪಟ್ಟಣ' ಅನ್ನುವ ಅಡ್ಡಹೆಸರೇ ಬಿದ್ದಿದೆ. ಚಳಿಗಾಲದಲ್ಲಿ ಕೆನಡಾದಿಂದ, ಉತ್ತರ ಅಮೆರಿಕದ ಹಿಮದ ರಾಜ್ಯಗಳಿಂದ ಬೆಚ್ಚಗಿನ ಜಾಗ ಹುಡುಕಿ ಬರುವ ನಿವೃತ್ತರು, ಅಮೆರಿಕದ ಬದಿಯಲ್ಲೇ ಕಾರು ನಿಲ್ಲಿಸಿ, ನಡೆದುಕೊಂಡು ಗಡಿ ದಾಟಿ, ಹಲ್ಲು ಸರಿಮಾಡಿಸಿಕೊಂಡು ಸಂಜೆ ವಾಪಸು ಬರುತ್ತಾರೆ. ಕಾರು ನಿಲ್ಲಿಸುವ ಆ ಜಾಗ ಕ್ವೆಚಾನ್ ಎಂಬ ಮೂಲನಿವಾಸಿಗಳ ನೆಲ. 1965 ಮತ್ತು 1966ರ ಆ ಎರಡು ಕಾನೂನು ಬಿಟ್ಟುಹೋದ ಹಲ್ಲುಗಳೇ ಇಲ್ಲಿ ಸಾಲು ನಿಲ್ಲುವುದು.

ಒಬ್ಬ ಮನುಷ್ಯ ಮಾತ್ರ ಈ ವಿಷಯವನ್ನು ಕೋರ್ಟಿಗೆ ಒಯ್ದ. ಲಕ್ಸೆಂಬರ್ಗ್‌ನ ಕೋಲ್ ಎಂಬವರ ಮಗಳಿಗೆ ಹಲ್ಲಿಗೆ ಕ್ಲಿಪ್ ಹಾಕಿಸಬೇಕಿತ್ತು. ಗಡಿಯಾಚೆ ಜರ್ಮನಿಯ ಟ್ರಿಯರ್ ಊರಿನ ಡಾಕ್ಟರ ಹತ್ತಿರ ಮಾಡಿಸುತ್ತೇನೆ ಅಂದರು. ಇದೇನು ತುರ್ತಿನದಲ್ಲ, ಇಲ್ಲೇ ಮಾಡಿಸಬಹುದು ಅಂತ ವಿಮಾ ನಿಧಿ ಒಪ್ಪಿಗೆ ಕೊಡಲಿಲ್ಲ. ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 1998ರ ಏಪ್ರಿಲ್ 28ರಂದು ಕೋರ್ಟು ಕೋಲ್ ಪರವಾಗಿ ಹೇಳಿತು: ಇಂಥ ಚಿಕಿತ್ಸೆಗೆ ಮುಂಚಿತ ಒಪ್ಪಿಗೆ ಬೇಕೇ ಬೇಕು ಅನ್ನುವುದು ಸರಿಯಲ್ಲ, ಸ್ವಂತ ದೇಶದ ದರದ ಪ್ರಕಾರ ಹಣ ಕೊಡಬೇಕು. ಅದೇ ದಿನ ಬಂದ ಇನ್ನೊಂದು ಜೋಡಿ ತೀರ್ಪು ಯಾವುದರ ಬಗ್ಗೆ ಗೊತ್ತಾ? ಬೆಲ್ಜಿಯಮ್‌ನಲ್ಲಿ ಕೊಂಡ ಕನ್ನಡಕದ ಬಗ್ಗೆ. 1951ರಲ್ಲಿ ಒಟ್ಟಿಗೆ ಹೊರಬಿದ್ದ ಹಲ್ಲು ಮತ್ತು ಕನ್ನಡಕ, 1998ರಲ್ಲಿ ಒಟ್ಟಿಗೇ ಗೆದ್ದವು. 2011ರಲ್ಲಿ ಯುರೋಪಿಯನ್ ಒಕ್ಕೂಟ ಗಡಿಯಾಚೆಯ ಚಿಕಿತ್ಸೆಯ ಹಕ್ಕಿನ ಬಗ್ಗೆ ಪ್ರತ್ಯೇಕ ನಿಯಮವನ್ನೇ ಮಾಡಿತು.

ನಮ್ಮ ದಾರಿ

ಈಗ ನಮ್ಮ ಕಡೆ ಬರೋಣ. ಭಾರತದ ಮೊದಲ ದಂತವೈದ್ಯ ಕಾಲೇಜು ಕಟ್ಟಿದವರೂ ಪರದೇಶದಿಂದ ವಾಪಸು ಬಂದ ಒಬ್ಬರೇ. ಡಾ. ರಫಿಯುದ್ದೀನ್ ಅಹ್ಮದ್ ಬಂಗಾಳದಿಂದ ಅಮೆರಿಕಕ್ಕೆ ಹೋಗಿ, ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದು, ಬಾಸ್ಟನ್ನಿನಲ್ಲಿ ಮಕ್ಕಳ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಕಲ್ಕತ್ತಾಕ್ಕೆ ಮರಳಿದರು. 1920ರಲ್ಲಿ ಕಾಲೇಜು ಶುರು ಮಾಡಿದರು. ಅದಕ್ಕೆ ಹಣ ಬೇಕಲ್ಲ? 'ನ್ಯೂಯಾರ್ಕ್ ಸೋಡಾ ಫೌಂಟನ್' ಅಂತ ಒಂದು ತಂಪು ಪಾನೀಯದ ಅಂಗಡಿ ಇಟ್ಟು, ಅದರ ಸಂಪಾದನೆಯನ್ನು ಕಾಲೇಜಿಗೆ ಹಾಕಿದರು. ಸಿಹಿ ಸೋಡಾ ಮಾರಿ ಹಲ್ಲಿನ ಕಾಲೇಜು ನಡೆಸಿದ್ದು ಓದಿ ನನಗೆ ನಗು ಬಂತು. ಅವರ ಜನ್ಮದಿನ ಡಿಸೆಂಬರ್ 24 ನಮ್ಮ ದೇಶದಲ್ಲಿ ದಂತವೈದ್ಯರ ದಿನ.

ಅದೇ ಕಲ್ಕತ್ತಾದಲ್ಲಿ ಚೀನಾದ ಹುಬೇ ಪ್ರಾಂತ್ಯದಿಂದ ವಲಸೆ ಬಂದ ಕುಟುಂಬಗಳು ತಲೆಮಾರುಗಳಿಂದ ಹಲ್ಲು ಕಟ್ಟುವ ಕಸುಬು ನಡೆಸುತ್ತಿದ್ದವು. ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಊರು ಬಿಟ್ಟವರು. 1948ರಲ್ಲಿ ಭಾರತದಲ್ಲಿ ದಂತವೈದ್ಯರ ಕಾಯ್ದೆ ಬಂದು, ಹೆಸರು ನೋಂದಾಯಿಸದೆ ಈ ಕೆಲಸ ಮಾಡುವಂತಿಲ್ಲ ಅಂತಾಯಿತು. ಬ್ರಿಟನ್ನಿನಲ್ಲಿ ಪುಕ್ಕಟೆ ಹಲ್ಲು ಶುರುವಾದ ಅದೇ ವರ್ಷ.

ಕರ್ನಾಟಕದಲ್ಲಿ ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ ದಂತ ಕಾಲೇಜು 1965ರಲ್ಲಿ ಆರಂಭವಾದವು. ಆಮೇಲೆ ಖಾಸಗಿ ಕಾಲೇಜುಗಳ ಕಾಲ. ದಾವಣಗೆರೆಯಲ್ಲಿ 1979, ಮಂಗಳೂರಿನ ದೇರಳಕಟ್ಟೆಯಲ್ಲಿ 1985, ಧಾರವಾಡದಲ್ಲಿ 1986. ಹೀಗೆ ಬೆಳೆದು ಇವತ್ತು ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಕ್ಯಾಪಿಟೇಶನ್ ಬಗ್ಗೆ, ಸೀಟಿನ ವ್ಯಾಪಾರದ ಬಗ್ಗೆ ಬೇಕಾದಷ್ಟು ಬೈದಿದ್ದೇವೆ, ಬೈಯಬೇಕಾದ್ದೇ. ಆದರೆ ಅದರ ಇನ್ನೊಂದು ಫಲ ನಮ್ಮ ಬಾಯಿಗೆ ಬಂತು. ಪ್ರತಿ ಕಾಲೇಜಿಗೂ ಆಸ್ಪತ್ರೆ ಇರಲೇಬೇಕು, ವಿದ್ಯಾರ್ಥಿ ಕಲಿಯಲು ರೋಗಿ ಬೇಕೇ ಬೇಕು. ಅದಕ್ಕೇ ಅಲ್ಲಿ ದರ ಕಡಿಮೆ. ಪ್ರೊಫೆಸರು ಪಕ್ಕದಲ್ಲಿ ನಿಂತು ನೋಡುತ್ತಾರೆ, ಹುಡುಗರು ಕೆಲಸ ಮಾಡುತ್ತಾರೆ. ಹೊತ್ತು ಹೆಚ್ಚು ಬೇಕು, ದುಡ್ಡು ಕಮ್ಮಿ ಸಾಕು. ಕಲಿತು ಹೊರಬಂದವರು ಸಣ್ಣ ಪೇಟೆಗಳಲ್ಲೂ ಕ್ಲಿನಿಕ್ ಇಟ್ಟರು. ಪೈಪೋಟಿಯಿಂದ ಅಲ್ಲೂ ದರ ಏರಲಿಲ್ಲ.

ಇದೇ ವರ್ಷಗಳಲ್ಲಿ ನಮ್ಮ ಜನ ಗಲ್ಫಿಗೆ ಹೊರಟದ್ದು. 1973ರಲ್ಲಿ ಎಣ್ಣೆಯ ಬೆಲೆ ಏರಿ ಇಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಶುರುವಾಯಿತು. ಕರಾವಳಿಯವರು ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗು ಇಲ್ಲವೇ ವಿಮಾನ ಹತ್ತುತ್ತಿದ್ದರು. ಬೊಂಬಾಯಿ ಮತ್ತು ಗಲ್ಫ್ ನಡುವೆ ಓಡುತ್ತಿದ್ದ 'ದ್ವಾರಕಾ' ಹಡಗು ನಿಂತದ್ದು 1982ರಲ್ಲಿ. ಆ ಕಾಲದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಊರು. ಹಲ್ಲುನೋವು ಬಂದರೆ ಕೀಳಿಸುವುದೇ ಚಿಕಿತ್ಸೆ. ನಮ್ಮ ಕ್ಯಾಂಪಿನ ಹಿರಿಯ ಮೇಸ್ತ್ರಿಯೊಬ್ಬರು ಬಾಯಿ ತೆರೆದು ತೋರಿಸಿ, "ಇದು ಕುವೈತ್, ಇದು ದಮಾಮ್, ಇವೆರಡೂ ದುಬೈ" ಅಂತ ಖಾಲಿ ಜಾಗಗಳನ್ನು ಎಣಿಸುತ್ತಿದ್ದರು.

2006ರಲ್ಲಿ ಮಂಗಳೂರಿನಿಂದಲೇ ಗಲ್ಫಿಗೆ ನೇರ ವಿಮಾನ ಶುರುವಾಯಿತು. ದಾರಿ ಮೂರೂವರೆ ನಾಲ್ಕು ಗಂಟೆಗೆ ಇಳಿಯಿತು. ಅಲ್ಲಿಂದ ಮುಂದೆ ರಜೆಯ ಪಟ್ಟಿಯಲ್ಲಿ ಹಲ್ಲು ಗಟ್ಟಿಯಾಗಿ ಕೂತಿತು. ಇಲ್ಲಿನ ಕಾನೂನೂ ಸುಮ್ಮನೆ ಕೂತಿಲ್ಲ. ಅಬುಧಾಬಿಯಲ್ಲಿ 2005ರ ಕಾನೂನು, ದುಬೈಯಲ್ಲಿ 2013ರ ಕಾನೂನು ಕೆಲಸಗಾರರಿಗೆ ಆರೋಗ್ಯ ವಿಮೆ ಮಾಡಿಸುವುದನ್ನು ಕಡ್ಡಾಯ ಮಾಡಿದವು. 2025ರ ಜನವರಿಯಿಂದ ಶಾರ್ಜಾ, ಅಜ್ಮಾನ್ ಮುಂತಾದ ಉಳಿದ ಎಮಿರೇಟುಗಳಿಗೂ ಅದು ಬಂತು. ಇದು ದೊಡ್ಡ ವಿಷಯ, ಎಷ್ಟೋ ಜೀವ ಉಳಿಸಿದೆ. ಆದರೆ ನಮ್ಮಂಥವರ ಕೈಗೆ ಬರುವ ಅಗ್ಗದ ಪಾಲಿಸಿಗಳಲ್ಲಿ ಹಲ್ಲು ಹೆಚ್ಚಾಗಿ ಇರುವುದಿಲ್ಲ, ಇದ್ದರೂ ತುರ್ತು ಸಂದರ್ಭಕ್ಕೆ ಮಾತ್ರ. ಬಾಲ್ಟಿಮೋರಿನಲ್ಲಿ ಬೇರೆಯಾದದ್ದು ಇಲ್ಲಿಗೂ ಬೇರೆಯಾಗಿಯೇ ಬಂದು ತಲುಪಿದೆ.

ಮೂವತ್ತು ದಿನದ ಲೆಕ್ಕ

ಈಗ ನನ್ನ ಹಲ್ಲಿನ ಕಥೆ ಮುಗಿಸುತ್ತೇನೆ. ಏಳು ತಿಂಗಳು ಕಳೆದು ಊರಿಗೆ ಹೋದೆ. ಮೊದಲ ವಾರ ನೆಂಟರ ಮನೆ, ಎರಡನೇ ವಾರ ಮದುವೆ, ಮೂರನೇ ವಾರ ಮಾಡಿನ ಹಂಚು. ಹಲ್ಲಿಗೆ ಹೋದದ್ದು ಇಪ್ಪತ್ತೊಂದನೇ ದಿನ. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಬೇರಿನ ಸುತ್ತ ಕೀವಾಗಿ ಎಲುಬು ಕರಗಿತ್ತು, ಹಲ್ಲು ಒಳಗಿಂದ ಸೀಳಿತ್ತು. ಕ್ಯಾಪ್ ಹಾಕಲು ಏನೂ ಉಳಿದಿರಲಿಲ್ಲ. ಕಿತ್ತರು. ಮೊದಲೇ ಬಂದಿದ್ದರೆ ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ 9,000 ರೂಪಾಯಿಗೆ ಹಲ್ಲು ಉಳಿಯುತ್ತಿತ್ತು. "ಆ ಜಾಗಕ್ಕೆ ಇಂಪ್ಲಾಂಟ್ ಹಾಕಬಹುದು, ಆದರೆ ಒಂಬತ್ತು ದಿನದಲ್ಲಿ ಆಗುವ ಕೆಲಸ ಅಲ್ಲ" ಅಂದರು.

ಯಾಕೆ ಆಗುವುದಿಲ್ಲ ಅನ್ನುವುದಕ್ಕೂ ಚರಿತ್ರೆ ಇದೆ. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲದ ಎಲುಬಿನೊಳಗೆ ರಕ್ತದ ಓಟ ನೋಡಲು ಟೈಟಾನಿಯಂ ಲೋಹದ ಸಣ್ಣ ಸಾಧನ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಎಲುಬು ಅದನ್ನು ಹಿಡಿದುಕೊಂಡುಬಿಟ್ಟಿತ್ತು. 1965ರಲ್ಲಿ ಮೊದಲ ಬಾರಿ ಮನುಷ್ಯನ ದವಡೆಗೆ ಟೈಟಾನಿಯಂ ಬೇರು ಹಾಕಿದರು. ಎಲುಬು ಹಾಗೆ ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಆಮೇಲೆ ಅದರ ಮೇಲೆ ಹಲ್ಲು. ಅಂದರೆ ನಮ್ಮಂಥವರಿಗೆ ಎರಡು ರಜೆ. ವಿಯೆನ್ನಾದವನು ಮಧ್ಯಾಹ್ನದ ರೈಲಿನಲ್ಲಿ ವಾಪಸು ಬರಬಹುದು, ಯೂಮಾದವನು ನಡೆದು ಬರಬಹುದು. ನಮಗೆ ಪಾಸ್‌ಪೋರ್ಟು, ಟಿಕೆಟ್ಟು, ಫೋರ್‌ಮ್ಯಾನ್‌ನ ಸಹಿ ಎಲ್ಲ ಬೇಕು. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅಂತ ಗಾದೆ. ನಮ್ಮದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಹಲ್ಲಿದ್ದಾಗ ರಜೆ ಇಲ್ಲ, ರಜೆ ಬಂದಾಗ ಹಲ್ಲಿಲ್ಲ.

ಅದಕ್ಕೇ ಗೆಳೆಯರಲ್ಲಿ ಕೆಲವು ಮಾತು. ನಾನು ಡಾಕ್ಟರಲ್ಲ, ಒಂದು ಹಲ್ಲು ಕಳೆದುಕೊಂಡವನು.

ಊರಿಗೆ ಹೋಗಿ ಅಗ್ಗಕ್ಕೆ ಮಾಡಿಸುವುದರಲ್ಲಿ ತಪ್ಪಿಲ್ಲ. ಇಡೀ ಯುರೋಪು ಮಾಡುತ್ತಿದೆ. ಆದರೆ ಅಗ್ಗ ಅಂದರೆ ಬಿಲ್ಲು ಮಾತ್ರ ಅಲ್ಲ, ಕಾದ ತಿಂಗಳುಗಳ ಬೆಲೆಯೂ ಲೆಕ್ಕಕ್ಕೆ ಬರಬೇಕು. ಜುಂ ಅನ್ನುವ ಹಲ್ಲಿಗೆ ಇಲ್ಲೇ ಸಿಮೆಂಟ್ ತುಂಬಿಸಿದರೆ, ಊರಿನ ರೂಟ್ ಕೆನಾಲಿಗಿಂತ ಅದೇ ಕಡಿಮೆ ಆಗಬಹುದು. ದೊಡ್ಡ ಕೆಲಸ ಮಾತ್ರ ರಜೆಗೆ ಇಡಿ.

ರಜೆಯ ಮೊದಲ ಎರಡು ಮೂರು ದಿನದೊಳಗೆ ಹಲ್ಲಿನ ಡಾಕ್ಟರನ್ನು ನೋಡಿ. ರೂಟ್ ಕೆನಾಲಿಗೆ ಒಂದಕ್ಕಿಂತ ಹೆಚ್ಚು ಸಲ ಕೂರಬೇಕಾಗಬಹುದು, ಅಳತೆ ಕೊಟ್ಟ ಕ್ಯಾಪ್ ಲ್ಯಾಬಿನಿಂದ ಬರಲು ದಿನಗಳು ಬೇಕು, ಕಚ್ಚುವಾಗ ಎತ್ತರ ಅನಿಸಿದರೆ ಸವೆಸಲು ಮತ್ತೊಮ್ಮೆ ಹೋಗಬೇಕು. ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನದವರಿಗೆ ಎತ್ತರಕ್ಕೆ ಏರಿದಾಗ ಹಲ್ಲುನೋವು ಬರುತ್ತಿದ್ದದ್ದನ್ನು ವೈದ್ಯರು ಗಮನಿಸಿದ್ದರು. ಹುಳುಕಿನೊಳಗೋ ಸರಿಯಾಗಿ ಮುಚ್ಚದ ಹಲ್ಲಿನೊಳಗೋ ಸಿಕ್ಕಿಕೊಂಡ ಗಾಳಿ ಹಿಗ್ಗುವುದರಿಂದ ಹಾಗಾಗುತ್ತದೆ.

ಎಕ್ಸ್‌ರೇ, ಯಾವ ಹಲ್ಲಿಗೆ ಏನು ಮಾಡಿದರು ಅನ್ನುವ ಚೀಟಿ, ಇಂಪ್ಲಾಂಟ್ ಆದರೆ ಅದರ ಕಂಪನಿ ಮತ್ತು ಅಳತೆಯ ಕಾರ್ಡು ಕೇಳಿ ತೆಗೆದುಕೊಳ್ಳಿ. ಇಲ್ಲಿಗೆ ಬಂದ ಮೇಲೆ ತೊಂದರೆಯಾದರೆ ಇಲ್ಲಿನ ಡಾಕ್ಟರಿಗೆ ದಾರಿ ತೋರಿಸುವುದು ಅದೇ.

ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಜೆ, ದುಡ್ಡು ಯಾವುದನ್ನೂ ನೋಡಬೇಡಿ. ಆ ಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ. ತುರ್ತು ಅಂದಾಗ ನಿಮ್ಮ ಕಾರ್ಡೂ ಕೆಲಸಕ್ಕೆ ಬರುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ, ಕಾರ್ಡಿನ ಜೊತೆ ಬರುವ ಪಟ್ಟಿಯನ್ನು ಒಮ್ಮೆ ಓದಿಸಿ ಕೇಳಿ. ನಮ್ಮಲ್ಲಿ ಇಂಗ್ಲಿಷ್ ಬಲ್ಲ ಹುಡುಗರಿಗೆ ಬರವಿಲ್ಲ. ಪಾಲಿಸಿ ಹೊಸದು ಮಾಡುವ ತಿಂಗಳಿನಲ್ಲಿ, ವರ್ಷಕ್ಕೊಮ್ಮೆ ಹಲ್ಲು ತೋರಿಸಿ ತುಂಬಿಸುವಷ್ಟಾದರೂ ಸೇರಿಸಿ ಅಂತ ಕಂಪನಿಯ ಆಫೀಸಿನಲ್ಲಿ ನಾಲ್ಕು ಜನ ಸೇರಿ ಕೇಳಿದರೆ ಕೆಟ್ಟದ್ದೇನೂ ಆಗುವುದಿಲ್ಲ. ಗಣಿಯಲ್ಲಿ ದುಡಿದ ಒಬ್ಬ ಹುಡುಗ ಒಂದು ದೇಶಕ್ಕೇ ಕೇಳಿ ಕೊಡಿಸಿದ್ದ. ಒಬ್ಬ ಅಪ್ಪ ಮಗಳ ಕ್ಲಿಪ್ಪಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದ.

ಆ ರಜೆಯಲ್ಲಿ ಅಮ್ಮ ಚಕ್ಕುಲಿ ಮಾಡಿದ್ದರು. ಗಟ್ಟಿ ಚಕ್ಕುಲಿ, ನನಗಿಷ್ಟ ಅಂತಲೇ ಮಾಡಿದ್ದು. ನಾನು ಬಲಗಡೆಯಿಂದಲೇ ಅಗಿಯುವುದನ್ನು ನೋಡಿ, "ಆ ಕಡೆ ಏನಾಯ್ತು ಮಗಾ?" ಅಂತ ಕೇಳಿದರು. "ಏನಿಲ್ಲ ಅಮ್ಮ" ಅಂದೆ. ಮುಂದಿನ ರಜೆಗೆ ಇನ್ನೂ ಐದು ತಿಂಗಳಿದೆ. ಪಟ್ಟಿ ಬರೆಯಲು ಶುರು ಮಾಡಿದ್ದೇನೆ. ಈ ಸಲ ಹಲ್ಲು ಮೊದಲ ಸಾಲಿನಲ್ಲಿದೆ.